ಕಂಡಕ್ಟರ್ ಇಲ್ಲದ ಬಸ್ಸು

ಸೂಲಿಬೆಲೆಯಲ್ಲಿ ಬಸ್ಸಿಗೆ ಕಾಯುವುದೂ ಒಂದು ಸಭೆಯೇ. ಹೊಸಕೋಟೆಗೋ ದೇವನಹಳ್ಳಿಗೋ ಹೊರಟವರು ಮಳೆ, ರಾಗಿ, ಸೈಟಿನ ರೇಟು ಎಲ್ಲ ಚರ್ಚಿಸಿ ಮುಗಿಸಿದ ಮೇಲೆ ಬಸ್ಸು ಬರುತ್ತದೆ. ಕಿಟಕಿಯಿಂದ ಟವೆಲ್ ಹಾಕಿದವರದೇ ಸೀಟು, ಅಪೀಲಿಲ್ಲ.

ಇಂಥ ಊರಿನ ದಂಪತಿ ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿ, ಅಲ್ಲಿಂದ ಪಿಟ್ಸ್‌ಬರ್ಗಿನ ವೆಂಕಟೇಶ್ವರನನ್ನು ನೋಡಲು ಗ್ರೇಹೌಂಡ್ ಬಸ್ಸು ಹತ್ತಿದರೆಂದುಕೊಳ್ಳಿ. ಮೈಮೇಲೆ ಓಡುವ ನಾಯಿಯ ಚಿತ್ರವಿರುವ ಈ ಬಸ್ಸಿನ ವಂಶ ದೊಡ್ಡದು: 1914ರಲ್ಲಿ ಮಿನ್ನೆಸೋಟಾದ ಹಿಬ್ಬಿಂಗ್‌ನಲ್ಲಿ ಗಣಿ ಕೂಲಿಗಳನ್ನು ಸಾಗಿಸುತ್ತ ಶುರುವಾಗಿದ್ದು, 2021ರಲ್ಲಿ ಜರ್ಮನಿಯ ಕಂಪನಿಯ ಪಾಲಾಯಿತು.

ಯಜಮಾನರು ಮೊದಲು ಹುಡುಕುವುದು ಕಂಡಕ್ಟರನ್ನು. ಇಲ್ಲ! ಟಿಕೆಟ್ ನೋಡುವವನೂ ಡ್ರೈವರೇ. ‘ರೈಟ್ ರೈಟ್’ ಅನ್ನುವವರಿಲ್ಲದೆ ಬಸ್ಸು ಹೊರಡುವುದಾದರೂ ಹೇಗೆ?

ಯಜಮಾನಿಯದು ಬೇರೆ ಕಥೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗಿಸಿದ ಶಕ್ತಿ ಯೋಜನೆ ಬಂದಾಗಿನಿಂದ ಬಸ್ಸು ಹತ್ತಿದೊಡನೆ ಆಧಾರ್ ತೆಗೆಯುವುದು ಅವರ ಅಭ್ಯಾಸ. ಇಲ್ಲೂ ಕೈ ತಾನಾಗಿ ಬ್ಯಾಗಿಗೆ ಹೋಗುತ್ತದೆ. ಬಸ್ಸಿನ ಹಿಂಭಾಗದಲ್ಲೇ ಶೌಚಾಲಯ ಕಂಡಾಗ ಮಾತ್ರ ಇಬ್ಬರೂ ಅಮೆರಿಕವನ್ನು ಕ್ಷಮಿಸುತ್ತಾರೆ.

ಆದರೆ ಬಸ್ಸು ಇಳಿಸುವುದು ಪಟ್ಟಣದೊಳಗೆ, ದೇವರಿರುವುದು ಪೆನ್ ಹಿಲ್ಸ್ ಗುಡ್ಡದಲ್ಲಿ. ಶೇರ್ ಆಟೋ ಎಲ್ಲಿ ಸಿಗುತ್ತದೆಂದು ಅಪ್ಪ ಮಗನಿಗೆ ಫೋನ್ ಮಾಡುತ್ತಾರೆ. ಮಗ ಕಾರು ಬುಕ್ ಮಾಡುತ್ತಾನೆ, ಅದರ ಬಾಡಿಗೆ ಎಷ್ಟೆಂದು ಮಾತ್ರ ಹೇಳುವುದಿಲ್ಲ.