ದೇವಯಾನಿಯ ಫೋಟೋ ಸೆಷನ್

ಗೆಲಾಕ್ಸಿಯ ಫೋಟೋ ತೆಗೆಯುವವರಿಗೂ ಮೋಡಗಳಿಗೂ ಹಿಂದಿನ ಜನ್ಮದ ವೈರವಿರಬೇಕು. ಹೊಸ ದೂರದರ್ಶಕದ ಪೆಟ್ಟಿಗೆ ಬಿಚ್ಚಿದಿರೋ, ವಾರವೆಲ್ಲ ಮಳೆ.

ಹೊಸಬರ ಮೊದಲ ಮಾಡೆಲ್ಲು ಸಾಮಾನ್ಯವಾಗಿ ದೇವಯಾನಿ, ಅಂದರೆ ಆಂಡ್ರೊಮಿಡಾ. ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷ. ಆಕಾಶದಲ್ಲಿ ಆಕೆಯ ಉದ್ದ ಹುಣ್ಣಿಮೆ ಚಂದ್ರನ ಆರು ಪಟ್ಟು. ಆದರೂ ಬೆಂಗಳೂರಿನ ತಾರಸಿಗೆ ದರ್ಶನವಿಲ್ಲ. ಬೀದಿದೀಪಗಳ ಮುಂದೆ ಅಷ್ಟು ನಾಚಿಕೆ! ಸರಂಜಾಮನ್ನೆಲ್ಲ ಕಾರಿಗೆ ತುಂಬಿ ಊರಾಚೆ ಹೋದರೆ, ಅಲ್ಲಿ ಭೂಮಿ ಸುಮ್ಮನಿರಬೇಕಲ್ಲ? ಅದು ತಿರುಗುತ್ತಲೇ ಇರುತ್ತದೆ, ಫೋಟೋದಲ್ಲಿ ನಕ್ಷತ್ರಗಳೆಲ್ಲ ಶಾವಿಗೆ. ಅದಕ್ಕೇ ಧ್ರುವದ ಕಡೆ ಅಕ್ಷ ಹೊಂದಿಸಿ, ಮೋಟಾರಿನಿಂದ ಎದುರು ದಿಕ್ಕಿಗೆ ತಿರುಗುವ ಸ್ಟ್ಯಾಂಡು ಬೇಕು. ಅದರ ಬೆಲೆ ದೂರದರ್ಶಕಕ್ಕಿಂತ ಹೆಚ್ಚಿರಬಹುದು ಎಂಬುದನ್ನು ಮನೆಯಲ್ಲಿ ಹೇಳುವ ಅಗತ್ಯವಿಲ್ಲ.

1888ರಲ್ಲಿ ಐಸಾಕ್ ರಾಬರ್ಟ್ಸ್ ಎಂಬ ಹವ್ಯಾಸಿ ಲಿವರ್‌ಪೂಲ್ ಬಳಿ, 20 ಇಂಚಿನ ದರ್ಪಣದ ದೂರದರ್ಶಕದಲ್ಲಿ ಗಾಜಿನ ಫಲಕವನ್ನು ಗಂಟೆಗಟ್ಟಲೆ ತೆರೆದಿಟ್ಟು ದೇವಯಾನಿಯ ಸುರುಳಿಯನ್ನು ಸೆರೆಹಿಡಿದ. ಕಟ್ಟಡ ಕಟ್ಟಿಸುವ ಕಸುಬಿನವನು, ತಾಳ್ಮೆ ಇದ್ದಿರಲೇಬೇಕು. ನಮಗೆ ಅದಿಲ್ಲ, ಒಂದೆರಡು ನಿಮಿಷದ ಹತ್ತಾರು, ನೂರಾರು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸುತ್ತೇವೆ. ಜೊತೆಗೆ ಸೆನ್ಸರಿನ ದೋಷ ಕಳೆಯಲು ಮುಚ್ಚಳ ಹಾಕಿ ಬರೀ ಕತ್ತಲೆಯ ಫೋಟೋಗಳನ್ನೂ ತೆಗೆಯಬೇಕು. ನಡುರಾತ್ರಿ ಮುಚ್ಚಳ ಹಾಕಿ ಶ್ರದ್ಧೆಯಿಂದ ಕ್ಲಿಕ್ಕಿಸುವವರನ್ನು ಕಂಡ ತೋಟದ ಕಾವಲುಗಾರ ಏನೆಂದುಕೊಂಡನೋ!

ಕೊನೆಗೂ ಮೂಡಿದ ಚಿತ್ರವನ್ನು ಮಾವನವರು ಕನ್ನಡಕ ಏರಿಸಿ ನೋಡಿದರು. "ಬಹಳ ಚೆನ್ನಾಗಿದೆ ಅಳಿಯಂದ್ರೇ, ಗೂಗಲ್‌ನಲ್ಲಿ ಸಿಕ್ಕಿತಾ?"