ಖಾಲಿ ಮನೆಗೆ ಮನೆದೇವರ ಪರೀಕ್ಷೆ

(ರಾವಂದೂರು. ಗೇಟಿನ ಮೇಲೆ ‘ಮನೆ ಬಾಡಿಗೆಗಿದೆ’ ಬೋರ್ಡು.)

ಯಜಮಾನರು: ಬನ್ನಿ ಮೇಷ್ಟ್ರೇ. ನಾವು ಜಾತಿಗೀತಿ ನೋಡಾಕಿಲ್ಲ.

ಮೇಷ್ಟ್ರು: ಸಂತೋಷ ಯಜಮಾನ್ರೇ. ಅಡ್ವಾನ್ಸ್ ಎಷ್ಟು?

ಯಜಮಾನರು: ಇರಿ. ನಿಮ್ ಮನೆದೇವ್ರು ಯಾವುದು?

ಮೇಷ್ಟ್ರು: ಬಾಡಿಗೆ ಕಟ್ಟೋನು ನಾನು, ದೇವ್ರಲ್ಲ.

ಯಜಮಾನರು: ಊರಲ್ಲಿ ಯಾವ ಬೀದಿ?

ಮೇಷ್ಟ್ರು: ಕೊನೇ ಬೀದಿ.

ಯಜಮಾನರು: (ಕೆಮ್ಮಿ) ಅಯ್ಯೋ, ಈ ಮನೆಗೆ ನಮ್ಮಳಿಯನೇ ಬತ್ತಾನಂತೆ!

ಮೇಷ್ಟ್ರು: ಮಗಳ ಮದುವೆ ಯಾವಾಗಾಯ್ತು?

ಯಜಮಾನರು: ಗಂಡು ನೋಡ್ತಾ ಇದೀವಿ.

ಮೇಷ್ಟ್ರು: ನಿಮ್ ಬ್ಯಾರನ್‌ಗೆ ಹೊಗೆಸೊಪ್ಪು ಕಟ್ಟೋರು ಕೊನೇ ಬೀದಿಯೋರೇ ಅಲ್ವಾ?

ಯಜಮಾನರು: ದುಡಿಮೆಗೆ ಯಾವ ಮೈಲಿಗೆ ಮೇಷ್ಟ್ರೇ! ಅಲ್ಲಿ ಎಲ್ರೂ ಒಂದೇ.

ಮೇಷ್ಟ್ರು: ಅಸ್ಪೃಶ್ಯತೆ ಕಾರಣಕ್ಕೆ ವಾಸದ ಮನೆ ತಪ್ಪಿಸಿದ್ರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿ 1ರಿಂದ 6 ತಿಂಗಳು ಜೈಲು, 100ರಿಂದ 500 ರೂಪಾಯಿ ದಂಡ.

ಯಜಮಾನರು: (ನಕ್ಕು) ನಾನು ಆ ಕಾರಣ ಬಾಯಿಬಿಟ್ಟು ಹೇಳಿದ್ನಾ?

ಮೇಷ್ಟ್ರು: ಹೇಳಬೇಕಾಗಿಲ್ಲ. ನೊಂದೋರು ಪರಿಶಿಷ್ಟ ಜಾತಿಯೋರಾದ್ರೆ ಕಾರಣ ಅದೇ ಅಂತ ಕೋರ್ಟೇ ಭಾವಿಸುತ್ತೆ, 12ನೇ ಕಲಂ. ಅಲ್ಲ ಅಂತ ರುಜುವಾತು ಮಾಡಬೇಕಾದೋರು ನೀವು.

ಯಜಮಾನರು: (ಒಳಕ್ಕೆ ಕೂಗಿ) ಏನಮ್ಮೀ, ಆ ಬ್ರೋಕರ್‌ಗೆ ಫೋನ್ ಮಾಡು. ಸಂಜೆಯೊಳಗೆ ಒಬ್ಬ ಅಳಿಯ ಬೇಕು!