‘ಕೆಲಸಕ್ಕೆ ಸೇರಿಸ್ಕೊಂಡ್ರು, ಊಟ ಕೊಡಲಿಲ್ಲ ಸಾರ್!’

ಸಖರಾಯಪಟ್ಟಣದ ಮನೆಯೊಂದರ ಹಜಾರ. ವಾಸ್ತು ಹೇಳಿದವರ ಅಪ್ಪಣೆಯಂತೆ ಈಶಾನ್ಯ ಮೂಲೆಯಲ್ಲಿ ಎರಡಡಿ ಉದ್ದದ ಗಾಜಿನ ತೊಟ್ಟಿ. ಅದರೊಳಗಿನ ಸಕ್ಕರ್ ಮೀನು ಕ್ಯಾಟ್‌ಫಿಶ್ ಕುಲದವರು. ಹಗಲಲ್ಲಿ ಕಲ್ಲಿನ ಸಂದಿ ಬಿಟ್ಟು ಕದಲುವುದಿಲ್ಲ. ಲೈಟ್ ಆರಿಸಿದ ಮೇಲೆ ಗಾಜಿಗೆ ಬಾಯಿ ಒತ್ತಿಕೊಂಡು ಮಾತಿಗೆ ಸಿಕ್ಕರು.

ಪ್ರಶ್ನೆ: ತಮ್ಮ ಮೂಲ?

ಸಕ್ಕರ್: ವಂಶ ದಕ್ಷಿಣ ಅಮೆರಿಕದ್ದು. ನಾನು ಹುಟ್ಟಿದ್ದು ಚೆನ್ನೈನ ಕೊಳತ್ತೂರಿನಲ್ಲಿ. ಅಲ್ಲಿಂದ ಬೆಂಗಳೂರು, ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಡೂರು ಬಸ್ಸು. ಬಂದ ತಕ್ಷಣ ಚೀಲ ಹರಿದು ತೊಟ್ಟಿಗೆ ಸುರಿದರು. ಕಾಲು ಗಂಟೆ ಚೀಲವನ್ನು ಹಾಗೇ ತೇಲಿಬಿಟ್ಟು, ತೊಟ್ಟಿಯ ನೀರನ್ನು ಅದಕ್ಕೆ ಸ್ವಲ್ಪ ಸ್ವಲ್ಪ ಬೆರೆಸಿದ್ದರೆ ಅವರ ಗಂಟೇನು ಹೋಗ್ತಿತ್ತು?

ಪ್ರಶ್ನೆ: ಯಾವ ಹುದ್ದೆಗೆ ನೇಮಕ?

ಸಕ್ಕರ್: ಸ್ವಚ್ಛತಾ ವಿಭಾಗ, ಹೊರಗುತ್ತಿಗೆ. ‘ಇದೊಂದಿದ್ರೆ ತೊಟ್ಟಿ ತೊಳೆಯೋದೇ ಬೇಡ, ಗಲೀಜೆಲ್ಲ ಇದೇ ತಿನ್ನುತ್ತೆ’ ಅಂತ ಅಂಗಡಿಯವನು ಮಾತು ಕೊಟ್ಟ. ನನ್ನನ್ನು ಯಾರು ಕೇಳಿದರು? ನಾನು ಕೆರೆದು ತಿನ್ನೋದು ಪಾಚಿ. ಗೋಲ್ಡ್‌ಫಿಶ್ ಹಾಕಿದ ಹಿಕ್ಕೆ ತಿನ್ನೋ ಕರ್ಮ ನನಗಿಲ್ಲ. ನಿಜ ಹೇಳಬೇಕಂದ್ರೆ ಈ ತೊಟ್ಟೀಲಿ ಎಲ್ಲರಿಗಿಂತ ಜಾಸ್ತಿ ಹಿಕ್ಕೆ ಹಾಕೋನು ನಾನೇ. ಇದ್ದ ಪಾಚಿ ಮುಗೀತು, ‘ಕ್ಲೀನರ್‌ಗೆ ಬೇರೆ ಊಟ ಯಾಕೆ?’ ಅಂದ್ರು.

ಪ್ರಶ್ನೆ: ಏನು ಕೊಡಬೇಕಿತ್ತು?

ಸಕ್ಕರ್: ತಳಕ್ಕೆ ಮುಳುಗೋ ಗುಳಿಗೆ, ಅದೂ ರಾತ್ರಿ ದೀಪ ಆರಿದ ಮೇಲೆ. ಹಗಲು ಹಾಕಿದ್ದೆಲ್ಲ ಮೇಲಿನವರ ಪಾಲು. ವಾರದಲ್ಲಿ ಒಂದೆರಡು ಸಲ ಸೌತೆಕಾಯಿ ಹೋಳು, ಉಳಿದದ್ದನ್ನು ಬೆಳಿಗ್ಗೆ ತೆಗೀಬೇಕು. ಕೆರೆಯೋಕೆ ಒಂದು ಕೊರಡು. ಬಾಬಾಬುಡನ್‌ಗಿರಿ ಕಡೆಯ ಗಾಳಿ ಬೀಸೋ ಮಾಗಿಯಲ್ಲಿ ಹೀಟರು. 24ರಿಂದ 28 ಡಿಗ್ರಿ ಇದ್ದರೆ ನನಗೆ ಸುಖ. ಇನ್ನು ಮೀನು ಮಂಕಾದ್ರೆ ಸಾಕು, ಹಿಡಿ ಕಲ್ಲುಪ್ಪು ಸುರಿಯೋ ವೈದ್ಯರಿದ್ದಾರಲ್ಲ, ನಮ್ಮ ಕುಲಕ್ಕೆ ಹುರುಪೆ ಇಲ್ಲ ಸಾರ್, ಉಪ್ಪೂ ಔಷಧಿಯೂ ಬೇಗ ಮೈಗೆ ತಾಗುತ್ತೆ.

ಪ್ರಶ್ನೆ: ಈಗ ಮೈಕೈ ತುಂಬಿಕೊಂಡಿದ್ದೀರಿ.

ಸಕ್ಕರ್: ತಂದಾಗ ಹೆಬ್ಬೆರಳಿನಷ್ಟಿದ್ದೆ. ಒಂದೂವರೆ ಅಡಿಗೆ ಬೆಳೆಯೋ ಜಾತಿ, ತೊಟ್ಟಿ ಎರಡಡಿ. ನಾನು ತಿರುಗಬೇಕಾದ್ರೆ ರಿವರ್ಸ್ ಗೇರು ಬೇಕು. ಮೊನ್ನೆ ಹಜಾರದಲ್ಲಿ ಸಭೆ ಸೇರಿ, ‘ಪಾಪ, ಕೊಲ್ಲೋದು ಬೇಡ, ಅಯ್ಯನಕೆರೆಗೆ ಬಿಟ್ಟುಬಿಡೋಣ, ಪುಣ್ಯ’ ಅಂತ ತೀರ್ಮಾನ ಆಗಿದೆ.

ಪ್ರಶ್ನೆ: ಒಳ್ಳೆಯದೇ ಆಯಿತಲ್ಲ! ಶಕುನಗಿರಿಯ ಬುಡ, ಸಮುದ್ರದಂಥ ಕೆರೆ...

ಸಕ್ಕರ್: ನನಗೆ ಸ್ವರ್ಗವೇ. ಕೆರೆಗೆ? ರುಕ್ಮಾಂಗದರಾಯ ಕಟ್ಟಿಸಿದ್ದು, 1156ರಲ್ಲಿ ಹೊಯ್ಸಳರ ಕಾಲದಲ್ಲಿ ಏರಿ ಭದ್ರ ಮಾಡಿಸಿದ್ದು ಅಂತ ನೀವೇ ಬರೀತೀರಿ. ಮೊಟ್ಟೆ ಕಾಯೋಕೆ ನಾವು ಗಂಡು ಮೀನುಗಳು ಮಣ್ಣಿನ ದಂಡೇಲಿ ಬಿಲ ಕೊರೀತೀವಿ, ಮೂರಡಿ ಉದ್ದದವೂ ಉಂಟು. ಫ್ಲೋರಿಡಾದಲ್ಲಿ, ಮೆಕ್ಸಿಕೋದಲ್ಲಿ ದಂಡೆ ಕುಸಿಯೋಕೆ ನಮ್ಮವರೂ ಕಾರಣ. ಒಂದು ಸಲ ಬೇರೂರಿದರೆ ಯಾವ ಇಲಾಖೆಗೂ ನಮ್ಮನ್ನು ಎಬ್ಬಿಸೋಕಾಗಲ್ಲ. ಬಲೆಗೆ ಬಿದ್ರೆ ಮುಳ್ಳಿಗೆ ಬಲೆ ಹರಿಯುತ್ತೆ, ಸಂತೆಗೆ ಒಯ್ದರೆ ಕೊಳ್ಳೋರಿಲ್ಲ. ಆಂಧ್ರದ ಬೆಸ್ತರು ದೆವ್ವದ ಮೀನು ಅಂತ ಕರೆದದ್ದು ಸುಮ್ಮನೆ ಅಲ್ಲ. ಈ ಕಡೆಯ ಮುರುಗೋಡು, ಗಿರ್ಲು ನಮಗೆ ದೂರದ ದಾಯಾದಿಗಳು. ಅವರ ಪಾಲಿನ ಜಾಗಕ್ಕೇ ನಾವು ಕೈಹಾಕೋದು.

ಪ್ರಶ್ನೆ: ಸರ್ಕಾರ ನಿಷೇಧ ಹೇರಬಹುದಲ್ಲ?

ಸಕ್ಕರ್: ಆಫ್ರಿಕಾದ ನಮ್ಮ ನೆಂಟ ಕ್ಯಾಟ್‌ಫಿಶ್ ಸಾಕಣೆಯನ್ನು 2000ರಲ್ಲೇ ನಿಷೇಧಿಸಿದ್ದಾರೆ. ಅವನು ಆರಾಮಾಗಿದ್ದಾನೆ.

ಪ್ರಶ್ನೆ: ಹಾಗಾದರೆ ನಿಮ್ಮನ್ನೇನು ಮಾಡಬೇಕು?

ಸಕ್ಕರ್: ಅಂಗಡಿಗೇ ವಾಪಸ್ ಕೊಡಲಿ, ಇಲ್ಲವೇ ದೊಡ್ಡ ತೊಟ್ಟಿ ಇರೋರಿಗೆ. ಹೊಸಬರು ನನ್ನ ತಂಟೆಗೇ ಬರಬಾರದು. ಕೋರಿಡೋರಾಸ್ ಅಂತ ಇದೆ, ಎರಡೂವರೆ ಇಂಚಿನ ಸಾಧು ಕ್ಯಾಟ್‌ಫಿಶ್ಶು. ತಳಕ್ಕೆ ನುಣುಪು ಮರಳು ಹಾಕಬೇಕು, ಚೂಪು ಜಲ್ಲಿಗೆ ಮೀಸೆ ಸವೆಯುತ್ತೆ. ಒಂಟಿಯಾಗಿ ಬೇಡ, ಆರಾದರೂ ಇರಲಿ. ಮೀನು ತರೋ ಮುಂಚೆ ಒಂದು ತಿಂಗಳು, ಒಂದೂವರೆ ತಿಂಗಳು ಫಿಲ್ಟರ್ ಓಡಲಿ, ಚೂರು ಆಹಾರ ಹಾಕುತ್ತಾ. ಆಮೇಲೆ ವಾರಕ್ಕೆ ಕಾಲು ಭಾಗ ನೀರು ಬದಲು. ಬ್ಲೀಚಿಂಗ್ ಪುಡಿಯ ನಲ್ಲಿ ನೀರಾದ್ರೆ ಒಂದು ದಿನ ಬಕೆಟ್ಟಲ್ಲಿ ತೆರೆದಿಟ್ಟು.

ಪ್ರಶ್ನೆ: ನಿಮ್ಮ ಯಜಮಾನರೂ ಬದಲಿಸುತ್ತಾರಲ್ಲ?

ಸಕ್ಕರ್: ಅವರದು ಹಬ್ಬದ ಮಡಿ. ಯುಗಾದಿಗೆ ತೊಟ್ಟೀನೇ ಬಗ್ಗಿಸಿ, ಫಿಲ್ಟರಿನ ಸ್ಪಂಜಿಗೆ ಸೋಪು ಹಚ್ಚಿ ಉಜ್ಜಿದ್ರು. ನಮ್ಮ ಹಿಕ್ಕೆಯಿಂದ ಏಳೋ ಅಮೋನಿಯಾ ವಿಷಾನ ಅರಗಿಸೋ ಬ್ಯಾಕ್ಟೀರಿಯಾ ಇರೋದು ಆ ಸ್ಪಂಜಲ್ಲೇ. ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಿದ್ರೆ ಸಾಕಿತ್ತು. ಮೂರೇ ದಿನಕ್ಕೆ ಗೋಲ್ಡ್‌ಫಿಶ್ ಎರಡೂ ಮೇಲೆ ತೇಲಿದವು. ‘ಸಕ್ಕರ್ ಸರಿಯಾಗಿ ಕೆಲಸ ಮಾಡ್ತಿಲ್ಲ’ ಅಂತ ನನ್ನ ಮೇಲೆ ವರದಿ ಆಯ್ತು.